ಚಾವಣಿ ತೆಗೆದರೆ ಕಾರಿನ ಬೆಲೆ ಏಕೆ ಏರುತ್ತದೆ?

ಮನೆಗೆ ತಾರಸಿ ಹಾಕಿಸಲು ಹಣ ಬೇಕು. ತಾರಸಿ ಬೇಡವೆಂದರೆ ಅಷ್ಟು ಹಣ ಉಳಿಯುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಆದರೆ ಕಾರಿನ ಲೋಕದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಒಂದೇ ಕಂಪನಿಯ, ಒಂದೇ ಎಂಜಿನ್ನಿನ ಎರಡು ಕಾರುಗಳನ್ನು ಅಕ್ಕಪಕ್ಕ ನಿಲ್ಲಿಸಿ ಬೆಲೆ ಕೇಳಿದರೆ, ಸಾಮಾನ್ಯವಾಗಿ ತಲೆಯ ಮೇಲೆ ಗಟ್ಟಿ ಚಾವಣಿ ಇಲ್ಲದ ಕಾರಿಗೇ ಹೆಚ್ಚು ದುಡ್ಡು ಕೊಡಬೇಕು. ಅಷ್ಟೇ ಅಲ್ಲ, ತೂಕಕ್ಕೆ ಹಾಕಿದರೆ ಭಾರವೂ ಅದೇ ಹೆಚ್ಚು! ತೆಗೆದುಹಾಕಿದ ಮೇಲೆ ಹಗುರವಾಗಬೇಕಾದದ್ದು ಭಾರವಾಗುವುದು ಹೇಗೆ?

ಬೇಕೆಂದಾಗ ತೆರೆದುಕೊಂಡು, ಬೇಡವೆಂದಾಗ ಮುಚ್ಚಿಕೊಳ್ಳುವ ಚಾವಣಿಯ ಈ ಕಾರುಗಳಿಗೆ 'ಕನ್ವರ್ಟಿಬಲ್' ಎಂದು ಹೆಸರು. ಸಿನಿಮಾಗಳಲ್ಲಿ ನಾಯಕ ನಾಯಕಿಯರು ತಲೆಗೂದಲು ಹಾರಿಸುತ್ತಾ ಹೋಗುವುದು ಇಂಥ ಕಾರುಗಳಲ್ಲೇ. ತೆರೆದ ಆಕಾಶ, ಮುಖಕ್ಕೆ ತಂಗಾಳಿ, ರಸ್ತೆಯ ಎರಡೂ ಬದಿಯ ಮರಗಳ ವಾಸನೆ – ಮುಚ್ಚಿದ ಕಾರಿನಲ್ಲಿ ಕುಳಿತವರಿಗೆ ಇವು ಸಿಗುವುದಿಲ್ಲ. ಈ ಸುಖವನ್ನು ಆರಾಮವಾಗಿ, ಪ್ರಾಣಭಯವಿಲ್ಲದೆ ಅನುಭವಿಸುವಂತೆ ಮಾಡಲು ಎಂಜಿನಿಯರುಗಳು ಸುಮಾರು ನೂರು ವರ್ಷ ತಲೆ ಕೆಡಿಸಿಕೊಂಡಿದ್ದಾರೆ. ಹೆಚ್ಚಿನ ಬೆಲೆ ಆ ಶ್ರಮದ್ದು.

ಮೊದಲು ಎಲ್ಲವೂ ಬಯಲೇ

ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ವಾಹನಕ್ಕೆ ಚಾವಣಿಯೇ ಇರಲಿಲ್ಲ. ಕುದುರೆ ಗಾಡಿಯಿಂದ ಹುಟ್ಟಿದ ಕಾರು ಬಹುಕಾಲ ಗಾಡಿಯಂತೆಯೇ ಇತ್ತು. ಮಳೆ ಬಂದರೆ ಮೇಣಬಟ್ಟೆಯ ಟಾಪನ್ನು ಕೈಯಿಂದ ಎಳೆದು ಕಟ್ಟಿಕೊಳ್ಳಬೇಕಿತ್ತು. 1920ರ ಹೊತ್ತಿಗೂ ಅಮೆರಿಕದ ಬಹುಪಾಲು ಕಾರುಗಳು ತೆರೆದವೇ ಆಗಿದ್ದವು. ಮುಚ್ಚಿದ ಕಾರು ಶ್ರೀಮಂತರ ಸೊತ್ತು. ಮುಂದಿನ ಹತ್ತೇ ವರ್ಷಗಳಲ್ಲಿ ಮುಚ್ಚಿದ ಕಾರುಗಳು ಅಗ್ಗವಾದವು, ಜನ ಮಳೆ ಧೂಳುಗಳಿಂದ ಪಾರಾದರು, ತೆರೆದ ಕಾರು ಅಪರೂಪವಾಯಿತು. ಬಡವರ ಪಾಲಿನದು ಸಿರಿವಂತರ ಪಾಲಿಗೆ ಹೋಯಿತು.

ಆ ಕಾಲದಲ್ಲಿ ಚಾವಣಿ ತೆಗೆಯುವುದು ದೊಡ್ಡ ವಿಷಯವಾಗಿರಲಿಲ್ಲ. ಏಕೆಂದರೆ ಕಾರಿನ ಅಡಿಯಲ್ಲಿ ಏಣಿಯ ಆಕಾರದ ಉಕ್ಕಿನ ಚಾಸಿ ಇರುತ್ತಿತ್ತು. ಎಂಜಿನ್, ಚಕ್ರ, ಸೀಟು ಎಲ್ಲದರ ಭಾರ ಹೊರುತ್ತಿದ್ದುದು ಅದು. ಮೇಲಿನ ಮೈ ಬರಿಯ ಹೊದಿಕೆ. ಮಲೆನಾಡಿನ ತೋಟಗಳಲ್ಲಿ ಓಡಾಡುವ, ಟಾರ್ಪಾಲು ಹೊದ್ದ ಹಳೆಯ ಜೀಪುಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಟಾರ್ಪಾಲು ಬಿಚ್ಚಿದ ಮಾತ್ರಕ್ಕೆ ಜೀಪಿನ ಬಲ ಕುಗ್ಗುವುದಿಲ್ಲ.

ಈಗಿನ ಕಾರು ಹಾಗಲ್ಲ. ಅದಕ್ಕೆ ಬೇರೆ ಚಾಸಿ ಇಲ್ಲ. ನೆಲ, ಪಕ್ಕದ ಕಂಬಗಳು, ಚಾವಣಿ ಎಲ್ಲವನ್ನೂ ಬೆಸೆದು ಮಾಡಿದ ಒಂದೇ ಪೆಟ್ಟಿಗೆ ಅದು. ಮೊಟ್ಟೆಯ ಚಿಪ್ಪಿನಂತೆ ಇಡೀ ಮೈಯೇ ಭಾರ ಹೊರುತ್ತದೆ. ಚಾವಣಿ ಬರಿಯ ನೆರಳಲ್ಲ, ಅದೂ ಒಂದು ಎಲುಬು.

ಶೂ ಡಬ್ಬದ ಪಾಠ

ಇದನ್ನು ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಒಂದು ಖಾಲಿ ಶೂ ಡಬ್ಬಕ್ಕೆ ಮುಚ್ಚಳ ಹಾಕಿ, ಸುತ್ತಲೂ ಟೇಪು ಅಂಟಿಸಿ. ಎರಡೂ ತುದಿಗಳನ್ನು ಹಿಡಿದು, ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ. ಡಬ್ಬ ಸುಲಭವಾಗಿ ಜಗ್ಗುವುದಿಲ್ಲ. ಈಗ ಟೇಪು ಕಿತ್ತು ಮುಚ್ಚಳ ತೆಗೆದು ಮತ್ತೆ ತಿರುಚಿ. ಅದೇ ಡಬ್ಬ, ಅದೇ ರಟ್ಟು. ಆದರೆ ಎಷ್ಟು ಸಲೀಸಾಗಿ ತಿರುಚಿಕೊಳ್ಳುತ್ತದೆ! ಪಕ್ಕದ ಗೋಡೆಗಳು ಅತ್ತಿತ್ತ ವಾಲಾಡುತ್ತವೆ.

ಇದರ ಹಿಂದಿನ ಗಣಿತ ಇನ್ನೂ ಬೆರಗು ಹುಟ್ಟಿಸುತ್ತದೆ. 20 ಮಿಲಿಮೀಟರ್ ತ್ರಿಜ್ಯ, 1 ಮಿಲಿಮೀಟರ್ ದಪ್ಪದ ಗೋಡೆ ಇರುವ ಒಂದು ಕೊಳವೆಯನ್ನು ಉದ್ದಕ್ಕೂ ಒಂದೇ ಕಡೆ ಸೀಳಿದರೆ, ತಿರುಚುವಿಕೆಯನ್ನು ತಡೆಯುವ ಅದರ ಶಕ್ತಿ ಸುಮಾರು 1200 ಪಟ್ಟು ಕಡಿಮೆಯಾಗುತ್ತದೆ. ಲೋಹ ಒಂದಿಷ್ಟೂ ಕಡಿಮೆಯಾಗಿಲ್ಲ, ಸೀಳು ಬಿದ್ದಿದೆ ಅಷ್ಟೆ. ಕಾರಿನಲ್ಲಿ ಕಿಟಕಿ ಬಾಗಿಲುಗಳ ತೆರವು ಮೊದಲೇ ಇರುವುದರಿಂದ ನಷ್ಟ ಅಷ್ಟೊಂದು ಭಯಂಕರವಾಗಿರುವುದಿಲ್ಲ. ಆದರೂ ಚಾವಣಿ ಕತ್ತರಿಸಿದ ಕಾರು ಮುಚ್ಚಳ ತೆಗೆದ ಡಬ್ಬವೇ.

ರಸ್ತೆಯ ಹಳ್ಳಕ್ಕೆ ಎಡಗಡೆಯ ಮುಂದಿನ ಚಕ್ರ ಬಿದ್ದಿತೆನ್ನಿ. ಕಾರಿನ ಮುಂಭಾಗ ಒಂದು ಕಡೆಗೆ, ಹಿಂಭಾಗ ಇನ್ನೊಂದು ಕಡೆಗೆ ತಿರುಚಿಕೊಳ್ಳುತ್ತದೆ. ಸ್ಟೀರಿಂಗ್ ನಡುಗುತ್ತದೆ, ಮುಂದಿನ ಗಾಜಿನ ಚೌಕಟ್ಟು ಅದುರುತ್ತದೆ, ಬಾಗಿಲುಗಳು ಕಿರುಗುಟ್ಟುತ್ತವೆ. ಆರಾಮದ ಕಾರೆಂದು ಕೊಂಡವನಿಗೆ ತಲೆನೋವು ಗ್ಯಾರಂಟಿ.

ಇದನ್ನು ತಪ್ಪಿಸಲು ತಯಾರಕರು ಬಾಗಿಲ ಕೆಳಗಿನ ತೊಲೆಗಳನ್ನು ದಪ್ಪ ಮಾಡುತ್ತಾರೆ, ನೆಲದಡಿ ಅಡ್ಡಪಟ್ಟಿಗಳನ್ನು ಬೆಸೆಯುತ್ತಾರೆ, ಮುಂದಿನ ಗಾಜಿನ ಕಂಬಗಳೊಳಗೆ ಬಲವಾದ ಉಕ್ಕಿನ ಕೊಳವೆಗಳನ್ನು ತೂರಿಸುತ್ತಾರೆ. 1960ರ ದಶಕದ ಕೆಲವು ಅಮೆರಿಕನ್ ಕಾರುಗಳ ಮೂಲೆಗಳಲ್ಲಿ ಸ್ಪ್ರಿಂಗಿಗೆ ತೂಗಿದ ಭಾರದ ಗುಂಡುಗಳನ್ನು ಇಟ್ಟಿದ್ದುಂಟು. ಕಾರು ಒಂದು ಕಡೆಗೆ ಅದುರಿದಾಗ ಗುಂಡು ಎದುರು ದಿಕ್ಕಿಗೆ ಕುಣಿದು ನಡುಕವನ್ನು ಹೀರಿಕೊಳ್ಳುತ್ತಿತ್ತು. ಇಷ್ಟೆಲ್ಲ ಸೇರಿಸಿದ ಮೇಲೆ ತೂಕ ಏರದೆ ಇದ್ದೀತೆ? ಮೇಲಿನಿಂದ ತೆಗೆದದ್ದಕ್ಕಿಂತ ಹೆಚ್ಚನ್ನು ಕೆಳಗೆ ತುಂಬಬೇಕಾಯಿತು.

ಹಲ್ಲಿನ ವೈದ್ಯನ ಕನಸು

ಬಟ್ಟೆಯ ಟಾಪಿಗೆ ತನ್ನದೇ ತೊಂದರೆಗಳಿದ್ದವು. ಮಳೆಗಾಲದಲ್ಲಿ ಸೋರುವುದು, ಚಳಿಗಾಲದಲ್ಲಿ ಒಳಗೆಲ್ಲ ಕೊರೆತ, ಬ್ಲೇಡು ಹಿಡಿದ ಕಳ್ಳನಿಗೆ ಸುಲಭದ ತುತ್ತು. ಲೋಹದ ಗಟ್ಟಿ ಚಾವಣಿಯೇ ಮಡಚಿಕೊಂಡು ಮಾಯವಾಗುವಂತಿದ್ದರೆ? ಈ ಆಲೋಚನೆಯನ್ನು ರಸ್ತೆಗಿಳಿಸಿದವರು ಕಾರು ಎಂಜಿನಿಯರಲ್ಲ, ಫ್ರಾನ್ಸಿನ ಒಬ್ಬ ದಂತವೈದ್ಯ ಎಂದರೆ ಆಶ್ಚರ್ಯವಾಗಬಹುದು.

ಅವರ ಹೆಸರು ಜಾರ್ಜ್ ಪೋಲಾನ್. ಹುಟ್ಟಿದ್ದು 1902ರಲ್ಲಿ. ರೋಗಿಗಳ ಹಲ್ಲು ನೋಡುತ್ತಲೇ ಬಿಡುವಿನಲ್ಲಿ ಕಾರುಗಳ ಚಿತ್ರ ಬರೆಯುತ್ತಿದ್ದ ಅವರು, ಗಟ್ಟಿ ಚಾವಣಿ ಇಡಿಯಾಗಿ ಹಿಂದಕ್ಕೆ ಸರಿದು ಡಿಕ್ಕಿಯೊಳಗೆ ಅಡಗಿಕೊಳ್ಳುವ ಏರ್ಪಾಡಿಗೆ 1930ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದರು. 1934ರಲ್ಲಿ ಪ್ಯೂಜೋ 401 'ಎಕ್ಲಿಪ್ಸ್' ಕಾರು ಈ ಚಾವಣಿಯೊಂದಿಗೆ ಹೊರಬಂತು. ಎಕ್ಲಿಪ್ಸ್ ಎಂದರೆ ಗ್ರಹಣ. ಗ್ರಹಣದಲ್ಲಿ ಸೂರ್ಯ ಮರೆಯಾದಂತೆ ಇಲ್ಲಿ ಚಾವಣಿ ಮರೆಯಾಗುತ್ತಿತ್ತು!

ಪೋಲಾನ್ ಅವರಿಗೆ ಇನ್ನಷ್ಟು ಕಾರುಗಳನ್ನು ರೂಪಿಸುವ ಆಯುಷ್ಯ ಸಿಗಲಿಲ್ಲ. 1940ರಲ್ಲಿ ಹಿಟ್ಲರನ ಸೈನ್ಯ ಫ್ರಾನ್ಸನ್ನು ಆಕ್ರಮಿಸಿತು. ಪೋಲಾನ್ ಗುಪ್ತ ಪ್ರತಿರೋಧ ಚಳವಳಿಗೆ ಸೇರಿ ಬ್ರಿಟನ್ನಿಗೆ ರಹಸ್ಯ ಮಾಹಿತಿ ಕಳಿಸತೊಡಗಿದರು. ಸಿಕ್ಕಿಬಿದ್ದರು. 1942ರ ಮಾರ್ಚ್‌ನಲ್ಲಿ ನಾಜಿಗಳು ಅವರನ್ನು ಗುಂಡಿಟ್ಟು ಕೊಂದರು. ಆಗ ಅವರ ವಯಸ್ಸು ನಲವತ್ತರ ಆಸುಪಾಸು.

ಅವರ ಕಲ್ಪನೆ ಮಾತ್ರ ಸಾಯಲಿಲ್ಲ. 1957ರಲ್ಲಿ ಅಮೆರಿಕದ ಫೋರ್ಡ್ ಕಂಪನಿ 'ಸ್ಕೈಲೈನರ್' ಎಂಬ ದೊಡ್ಡ ಕಾರಿನಲ್ಲಿ ಉಕ್ಕಿನ ಚಾವಣಿಯನ್ನು ಗುಂಡಿ ಒತ್ತಿದರೆ ಮಡಚಿಕೊಳ್ಳುವಂತೆ ಮಾಡಿತು. ಅದಕ್ಕೆ ಹಲವಾರು ಮೋಟಾರುಗಳು, ಸುಮಾರು 600 ಅಡಿ ವಿದ್ಯುತ್ ತಂತಿ ಬೇಕಾದವು. ಚಾವಣಿ ಒಳಗೆ ಹೋದ ಮೇಲೆ ಡಿಕ್ಕಿಯಲ್ಲಿ ಸಾಮಾನಿಗೆ ಉಳಿಯುತ್ತಿದ್ದುದು ಪುಟ್ಟ ತೊಟ್ಟಿಯಷ್ಟು ಜಾಗ. 1959ರ ವೇಳೆಗೆ ಸುಮಾರು 48 ಸಾವಿರ ಕಾರುಗಳನ್ನು ಮಾಡಿ ಕಂಪನಿ ಅದನ್ನು ನಿಲ್ಲಿಸಿತು.

ಮಗುಚಿದರೆ ಗತಿ?

ಚಾವಣಿ ಇಲ್ಲದ ಕಾರಿನ ದೊಡ್ಡ ಭಯವೆಂದರೆ ಮಗುಚಿ ಬೀಳುವುದು. ಮುಚ್ಚಿದ ಕಾರು ಪಲ್ಟಿಯಾದರೆ ಚಾವಣಿ ಮತ್ತು ಕಂಬಗಳು ಪೆಟ್ಟು ತಡೆಯುತ್ತವೆ. ತೆರೆದ ಕಾರಿನಲ್ಲಿ ಆ ಪೆಟ್ಟು ನೇರವಾಗಿ ಕುಳಿತವರ ತಲೆಗೆ. 1970ರ ದಶಕದಲ್ಲಿ ಅಮೆರಿಕ ಸರ್ಕಾರ ಇಂಥ ಅಪಘಾತಗಳ ವಿರುದ್ಧ ಕಠಿಣ ನಿಯಮ ತರುತ್ತದೆಂಬ ಸುದ್ದಿ ಹಬ್ಬಿತು. ಮಾರಾಟವೂ ಇಳಿಯುತ್ತಿತ್ತು. ಒಂದೊಂದೇ ಕಂಪನಿ ಕನ್ವರ್ಟಿಬಲ್ ತಯಾರಿಕೆ ನಿಲ್ಲಿಸಿತು. 1976ರಲ್ಲಿ ಹೊರಬಂದ ಕ್ಯಾಡಿಲಾಕ್ ಎಲ್ಡೊರಾಡೊ ಅಮೆರಿಕದ ಕಟ್ಟಕಡೆಯ ಕನ್ವರ್ಟಿಬಲ್ ಎಂದು ಸಾರಲಾಯಿತು. ಜನ ಮುಗಿಬಿದ್ದು ಕೊಂಡರು. ಆದರೆ 1982ರಲ್ಲಿ ಕ್ರೈಸ್ಲರ್, 1984ರಲ್ಲಿ ಸ್ವತಃ ಕ್ಯಾಡಿಲಾಕ್ ಮತ್ತೆ ತೆರೆದ ಕಾರು ತಂದಾಗ 'ಕಟ್ಟಕಡೆಯದು' ಎಂದು ನಂಬಿ ಕೊಂಡವರ ಮುಖ ಸಪ್ಪಗಾಯಿತು!

ಆಸೆ ಹಾಗೂ ಭಯ ಎರಡಕ್ಕೂ ಉತ್ತರವಾಗಿ ಜರ್ಮನಿಯ ಮರ್ಸಿಡಿಸ್-ಬೆಂಜ್ 1989ರ ಜಿನೀವಾ ಪ್ರದರ್ಶನದಲ್ಲಿ ತನ್ನ ಹೊಸ ಎಸ್‌ಎಲ್ ಕಾರನ್ನು ಮುಂದಿಟ್ಟಿತು. ಸೀಟುಗಳ ಹಿಂದೆ ಒಂದು ದಪ್ಪ ಉಕ್ಕಿನ ಕಮಾನು. ಸಾಮಾನ್ಯ ಸಮಯದಲ್ಲಿ ಅದು ಮಲಗಿರುತ್ತದೆ; ನೋಟಕ್ಕೂ ಅಡ್ಡಿಯಿಲ್ಲ, ಅಂದಕ್ಕೂ ಧಕ್ಕೆಯಿಲ್ಲ. ಕಾರು ಮಗುಚುತ್ತಿದೆ ಎಂದು ಸಂವೇದಕಗಳು ತಿಳಿದ ತಕ್ಷಣ 0.3 ಸೆಕೆಂಡಿನಲ್ಲಿ ಅದು ಎದ್ದು ನಿಲ್ಲುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು! ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ: ಗಂಟೆಗೆ 72 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 20 ಮೀಟರ್. 0.3 ಸೆಕೆಂಡಿನಲ್ಲಿ ಕಾರು ಸಾಗುವುದು 6 ಮೀಟರ್ ಮಾತ್ರ. ಅಷ್ಟರೊಳಗೆ ತಲೆ ಕಾಯುವ ಕಮಾನು ಸಿದ್ಧ. ಸೀಟ್ ಬೆಲ್ಟನ್ನು ಕಾರಿನ ಕಂಬಕ್ಕೆ ಕಟ್ಟುವ ಬದಲು ಸೀಟಿಗೇ ಜೋಡಿಸಿ, ಸೀಟನ್ನೇ ಅತಿ ಬಲವಾಗಿ ಮಾಡಿದ್ದು ಆ ಕಾರಿನ ಇನ್ನೊಂದು ಹೆಚ್ಚುಗಾರಿಕೆ. ಈ ಮಾದರಿ 2001ರವರೆಗೆ ಎರಡು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು.

ಬೆನ್ನ ಹಿಂದಿನಿಂದ ಗಾಳಿ

ತೆರೆದ ಕಾರಿನಲ್ಲಿ ಗಾಳಿ ಎದುರಿನಿಂದ ಬಡಿಯುತ್ತದೆಂದು ಹಲವರ ಊಹೆ. ನಿಜಕ್ಕೂ ಕಾಟ ಕೊಡುವ ಗಾಳಿ ಬರುವುದು ಹಿಂದಿನಿಂದ. ಮುಂದಿನ ಗಾಜನ್ನು ಹತ್ತಿ ಹಾರಿದ ಗಾಳಿ ಸೀಟುಗಳ ಹಿಂದೆ ಕೆಳಗಿಳಿದು, ಹೊಳೆಯ ಬಂಡೆಯ ಹಿಂದೆ ನೀರು ಸುಳಿ ತಿರುಗುವಂತೆ ಸುತ್ತಿಕೊಂಡು, ಕುತ್ತಿಗೆಗೆ ಬಡಿಯುತ್ತದೆ. ಕೂದಲು ಮುಂದಕ್ಕೆ ಹಾರಿ ಕಣ್ಣಿಗೆ ಬೀಳುವುದು ಇದರಿಂದಲೇ. 1989ರ ಅದೇ ಎಸ್‌ಎಲ್ ಕಾರಿನಲ್ಲಿ ಸೀಟಿನ ಹಿಂದೆ ಒಂದು ತೆಳು ಬಲೆಯ ಪರದೆ ನಿಲ್ಲಿಸಿ ಈ ಸುಳಿಗೆ ತಡೆ ಹಾಕಲಾಯಿತು. 2004ರ ಎಸ್‌ಎಲ್‌ಕೆ ಕಾರಿನಲ್ಲಿ ತಲೆದಿಂಬಿನಿಂದಲೇ ಕುತ್ತಿಗೆಯ ಸುತ್ತ ಬೆಚ್ಚನೆಯ ಗಾಳಿ ಬೀಸುವ ಏರ್ಪಾಡು ಬಂತು. ಮಫ್ಲರ್ ಸುತ್ತಿಕೊಂಡಷ್ಟು ಹಿತ. ಯೂರೋಪಿನ ಚಳಿಯಲ್ಲೂ ಟಾಪು ತೆರೆದು ಓಡಿಸುವವರಿಗೆ ಇದೇ ಆಸರೆ.

ಇಷ್ಟು ಸುಖವಿದ್ದರೂ ಒಡೆಯನಿಗೆ ಕೆಲವು ಕಟ್ಟುಪಾಡುಗಳಿವೆ. ಒದ್ದೆ ಬಟ್ಟೆಯ ಟಾಪನ್ನು ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ, ಒಣಗಿಸಿಯೇ ಮಡಚಬೇಕು. ನೀರು ಹರಿಯುವ ಕಿಂಡಿಗಳಲ್ಲಿ ತರಗೆಲೆ ಕಟ್ಟದಂತೆ ನೋಡಿಕೊಳ್ಳಬೇಕು. ಹಳೆಯ ಮಾದರಿಗಳ ಪ್ಲಾಸ್ಟಿಕ್ ಹಿಂಗಿಟಕಿ ಬಿಸಿಲಿಗೆ ಹಳದಿಯಾಗುತ್ತದೆ. ಹೆದ್ದಾರಿಯ ವೇಗದಲ್ಲಿ ಟಾಪು ತೆರೆದರೆ ಗಾಳಿಯ ಸದ್ದು 85 ಡೆಸಿಬಲ್ ದಾಟಬಹುದು. ಗಂಟೆಗಟ್ಟಲೆ ಹೀಗೆ ಹೋದರೆ ಕಿವಿಗೆ ಒಳ್ಳೆಯದಲ್ಲ. ಬಿಸಿಲಿಗೆ ಟೋಪಿ ಬೇಕು, ಬೆಲ್ಟು ಕಡ್ಡಾಯ. ಸಿನಿಮಾದವರಂತೆ ಸೀಟಿನ ಬೆನ್ನಿನ ಮೇಲೆ ಕುಳಿತರೆ ಯಾವ ಉಕ್ಕಿನ ಕಮಾನೂ ಕಾಪಾಡಲಾರದು. ಮಕ್ಕಳಿಗೆ ಈ ಮಾತನ್ನು ಒತ್ತಿ ಹೇಳಬೇಕಾದವರು ತಂದೆತಾಯಿಯರೇ.

ಮತ್ತೆ ಬಟ್ಟೆಗೆ

1996ರಲ್ಲಿ ಮರ್ಸಿಡಿಸ್ ಎಸ್‌ಎಲ್‌ಕೆ ಕಾರಿನ ಉಕ್ಕಿನ ಚಾವಣಿ 25 ಸೆಕೆಂಡಿನಲ್ಲಿ ಡಿಕ್ಕಿಗಿಳಿದಾಗ ಪೋಲಾನ್ ಅವರ ಕನಸು ಮತ್ತೆ ಜೀವ ತಳೆಯಿತು. ಹತ್ತಾರು ಕಂಪನಿಗಳು ಅದೇ ದಾರಿ ಹಿಡಿದವು. ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. 2021ರಲ್ಲಿ ಬಂದ ಹೊಸ ಎಸ್‌ಎಲ್ ಲೋಹವನ್ನು ಬಿಟ್ಟು ಮತ್ತೆ ಬಟ್ಟೆಗೆ ಮರಳಿತು. ಈಗಿನ ಬಟ್ಟೆ ಮೂರು ಪದರದ್ದು. ನೀರನ್ನೂ ಸದ್ದನ್ನೂ ಚೆನ್ನಾಗಿ ತಡೆಯುತ್ತದೆ. ಹಿಂದಿನ ಲೋಹದ ಚಾವಣಿಗಿಂತ 21 ಕಿಲೋ ಹಗುರ. ಮೇಲ್ಭಾಗದ ಭಾರ ತಗ್ಗಿದ್ದರಿಂದ ಗುರುತ್ವಕೇಂದ್ರ ಕೆಳಗಿಳಿದು ತಿರುವಿನಲ್ಲಿ ಕಾರು ಹೆಚ್ಚು ಸ್ಥಿರವಾಗಿರುತ್ತದೆ. ಸುಮಾರು 15 ಸೆಕೆಂಡಿನಲ್ಲಿ ತೆರೆದುಕೊಳ್ಳುತ್ತದೆ.

ಹಾಗಾದರೆ ಚಾವಣಿ ತೆಗೆದ ಕಾರಿಗೆ ಬೆಲೆ ಹೆಚ್ಚೇಕೆ? ತೆಗೆದದ್ದು ಒಂದೇ ವಸ್ತು, ಆದರೆ ಅದು ಮಾಡುತ್ತಿದ್ದ ಕೆಲಸಗಳು ಹಲವು: ಮೈಯನ್ನು ಬಿಗಿ ಹಿಡಿಯುವುದು, ಮಳೆ ತಡೆಯುವುದು, ಗಾಳಿ ತಡೆಯುವುದು, ತಲೆ ಕಾಯುವುದು. ಆ ಒಂದೊಂದು ಕೆಲಸಕ್ಕೂ ಬೇರೆಯ ಆಳನ್ನು ನೇಮಿಸಿ ಸಂಬಳ ಕೊಡಬೇಕು. ಆಕಾಶ ಬಿಟ್ಟಿಯಾಗಿ ಸಿಗುತ್ತದೆ ನಿಜ. ಕಾರಿನಲ್ಲಿ ಸುರಕ್ಷಿತವಾಗಿ ಕುಳಿತು ಅದನ್ನು ನೋಡಬೇಕೆಂದರೆ ಮಾತ್ರ ದುಬಾರಿ.

ಇಂಥ ಕಾರು ಕೊಳ್ಳುವ ಯೋಗ ಎಲ್ಲರಿಗೂ ಇರಲಿಕ್ಕಿಲ್ಲ. ಶೂ ಡಬ್ಬವಂತೂ ಎಲ್ಲರ ಮನೆಯಲ್ಲೂ ಇದೆ. ಇಂದು ಸಂಜೆ ಅದನ್ನೊಮ್ಮೆ ತಿರುಚಿ ನೋಡಿದ ಹುಡುಗ ಹುಡುಗಿಯರಲ್ಲಿ ಯಾರೋ ಒಬ್ಬರು ನಾಳೆ ಇದಕ್ಕಿಂತ ಹಗುರವಾದ, ಇದಕ್ಕಿಂತ ಗಟ್ಟಿಯಾದ ಕಾರನ್ನು ರೂಪಿಸಬಾರದೆಂದೇನೂ ಇಲ್ಲ. ಹಲ್ಲು ನೋಡುವ ವೈದ್ಯನಿಗೆ ಸಾಧ್ಯವಾದದ್ದು ಅವರಿಗೇಕೆ ಸಾಧ್ಯವಾಗದು?