ನಿಮಗಿದು ಗೊತ್ತೆ? ವಿಯೆನ್ನಾದ ಡ್ಯಾನ್ಯೂಬ್ ಮನುಷ್ಯರು ತೋಡಿದ ಪಾತ್ರ!

ಡ್ಯಾನ್ಯೂಬ್ ನದಿಯ ವಿಹಾರನೌಕೆಗಳು ವಿಯೆನ್ನಾದಲ್ಲಿ ಲಂಗರು ಹಾಕುವ ನೇರವಾದ ನದೀಪಾತ್ರವು ನಿಸರ್ಗನಿರ್ಮಿತವಲ್ಲ; ಅದು 1870ರಿಂದ 1875ರವರೆಗೆ ಮನುಷ್ಯರು ತೋಡಿದ ಹೊಸ ದಾರಿ. ಅದಕ್ಕೂ ಮೊದಲು ನದಿಯು ಹಲವು ಕವಲುಗಳಾಗಿ ಒಡೆದು, ಪ್ರವಾಹ ಬಂದಾಗ ತಗ್ಗಿನ ಬಡಾವಣೆಗಳನ್ನು ಮುಳುಗಿಸುತ್ತಿತ್ತು. ಹಳೆಯ ನಗರದ ಅಂಚಿನಲ್ಲಿ ಹರಿಯುವ ‘ಡೊನಾವ್‌ಕನಾಲ್’, ಅಂದರೆ ಡ್ಯಾನ್ಯೂಬ್ ಕಾಲುವೆ, ಹೆಸರಿಗಷ್ಟೇ ಕಾಲುವೆಯಾಗಿದ್ದು, ಮೂಲತಃ ನದಿಯದೇ ಒಂದು ಕವಲು. ಹೊಸ ಪಾತ್ರದಿಂದ ಬೇರ್ಪಟ್ಟ ಹಿಂದಿನ ಮುಖ್ಯ ಹರಿವು ‘ಆಲ್ಟೆ ಡೊನಾವ್’ (ಹಳೆಯ ಡ್ಯಾನ್ಯೂಬ್) ಎಂಬ ಸರೋವರವಾಗಿ ಉಳಿದಿದ್ದು, ಬೇಸಿಗೆಯಲ್ಲಿ ಜನ ಅಲ್ಲಿ ಈಜುತ್ತಾರೆ. 1972ರ ನಂತರ ಪ್ರವಾಹ ತಡೆಗೆ ಇನ್ನೊಂದು ಕಾಲುವೆಯನ್ನು ಅಗೆದಾಗ ಬಂದ ಮಣ್ಣಿನಿಂದಲೇ ಸುಮಾರು 21 ಕಿಲೋಮೀಟರ್ ಉದ್ದದ ಡ್ಯಾನ್ಯೂಬ್ ದ್ವೀಪ ರೂಪುಗೊಂಡಿತು.