ಹಳೇ ಜಾವಾ ಮೀಟರಿನೊಳಗೆ ಹಬೆ ಕಟ್ಟಿದ್ರೆ

ಮಳೆ ನಿಂತ ಮೇಲೂ ಸ್ಪೀಡೋಮೀಟರ್ ಗಾಜಿನಲ್ಲಿ ಹಬೆ ಕಟ್ಟಿದ್ಯಾ? ಬಟ್ಟೆಯಿಂದ ಒರೆಸಿದ್ರೆ ಹೋಗಲ್ಲ, ನೀರಿರೋದು ಗಾಜಿನ ಒಳಗಡೆ.

ಇಲ್ಲಿ ಹೇಳ್ತಿರೋದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕ್ ಬಗ್ಗೆ. ಮೀಟರ್ ಹೆಡ್‌ಲೈಟ್ ಡೂಮ್ ಮೇಲೇ ಕೂತಿದೆ. ಬಿಸಿಲಿಗೆ ಅದರೊಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತೆ. ರಾತ್ರಿ ತಣ್ಣಗಾದಾಗ ಹೊರಗಿನ ತೇವದ ಗಾಳಿ ಒಳಗೆ ಸೇರುತ್ತೆ. ಗಾಜಿನ ಸುತ್ತಲಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ರೆ ಇದು ದಿನಾ ನಡೆಯೋದೇ.

ಕೇಬಲ್, ಬಲ್ಬ್ ಹೋಲ್ಡರ್ ಬಿಚ್ಚಿ ಮೀಟರ್ ಹೊರಗೆ ತೆಗೀರಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಎರಡು ಮೂರು ದಿನ ಇಡಿ. ಹೀಟ್ ಗನ್ ಬೇಡ್ವೇ ಬೇಡ, ಡಯಲ್ ಬಣ್ಣ ಎದ್ದು ಬರುತ್ತೆ. ಕಾರ್ಖಾನೆ 1996ರಲ್ಲೇ ಮುಚ್ಚಿದೆ. ಅಲ್ಲಿಂದ ಬಂದ ಡಯಲ್ ಹಾಳಾದ್ರೆ ಅಂಥದ್ದೇ ಇನ್ನೊಂದು ಹುಡುಕೋದು ತುಂಬಾ ಕಷ್ಟ.

ಒಣಗಿಸಿದ ಮೇಲೂ ಹಬೆ ಬಂದ್ರೆ ರಬ್ಬರ್ ಬದಲಾಯಿಸಬೇಕು. ಸುತ್ತಲಿನ ರಿಂಗಿನ ಮಡಚಿದ ಅಂಚನ್ನ ಸಣ್ಣ ಸ್ಕ್ರೂಡ್ರೈವರಿಂದ ಸ್ವಲ್ಪ ಸ್ವಲ್ಪವಾಗಿ ಎಬ್ಬಿಸಿ. ಒಂದೇ ಕಡೆ ಒತ್ತಿದ್ರೆ ರಿಂಗ್ ಸೊಟ್ಟಗಾಗುತ್ತೆ. ಮುಳ್ಳು ಮುಟ್ಟಬೇಡಿ, ಅದಕ್ಕೆ ಕೂದಲೆಳೆಯಂಥ ಸ್ಪ್ರಿಂಗ್ ಇದೆ. ಡಯಲ್ ಒರೆಸಬೇಡಿ.

ಅಂಟು ಹಾಕೋದಾದ್ರೆ ವಿನೆಗರ್ ವಾಸನೆ ಬರೋ ಸಿಲಿಕೋನ್ ಬೇಡ, ಅದರ ಆಮ್ಲದ ಆವಿ ಒಳಗಿನ ಲೋಹ ತಿನ್ನುತ್ತೆ. ಅಂಗಡಿಯಲ್ಲಿ ನ್ಯೂಟ್ರಲ್ ಸಿಲಿಕೋನ್ ಅಂತಾನೇ ಕೇಳಿ. ಮೀಟರ್ ತಳದಲ್ಲಿ ಸಣ್ಣ ತೂತಿದ್ರೆ ಅದನ್ನ ಮುಚ್ಚಬೇಡಿ, ನೀರು ಇಳಿಯೋಕೆ ಅದೇ ದಾರಿ.

ಕೇಬಲ್‌ಗೆ ಗ್ರೀಸ್ ಹಚ್ಚುವಾಗ ಮೀಟರ್ ಕಡೆಯ ತುದಿಗೆ ಹಚ್ಚಬೇಡಿ, ಮೇಲೇರಿ ಒಳಗೆ ಸೇರುತ್ತೆ. ವಾಟರ್ ಸರ್ವಿಸ್‌ಗೆ ಬಿಟ್ಟಾಗ ಮೀಟರ್ ಮೇಲೆ ಪ್ರೆಷರ್ ಬಿಡಬೇಡಿ ಅಂತ ಮೊದಲೇ ಹೇಳಿಬಿಡಿ.