ಹಿತ್ತಲ ಕೋಳಿ ಸಾಕಾಣಿಕೆ: ಮೇಲೆರಗುವ ಹುಂಜದ ನಿರ್ವಹಣೆ

ಹಿತ್ತಲಿನಲ್ಲಿ ನಾಟಿ ಅಥವಾ ಗಿರಿರಾಜ ಕೋಳಿಗಳನ್ನು ಸಾಕುವ ಮನೆಗಳಲ್ಲಿ ಪ್ರಾಯಕ್ಕೆ ಬಂದ ಹುಂಜವು ಮನುಷ್ಯರ ಮೇಲೆ ಎರಗುವುದುಂಟು. ಹಾರ್ಮೋನುಗಳ ಪ್ರಭಾವ ಹಾಗೂ ಹೇಂಟೆಗಳನ್ನು ಕಾಯುವ ಸ್ವಭಾವ ಇದಕ್ಕೆ ಕಾರಣ. ಹುಂಜದ ಕೊಕ್ಕು ಮತ್ತು ಕಾಲಿನ ಮುಳ್ಳು ಚಿಕ್ಕ ಮಕ್ಕಳ ಮುಖಕ್ಕೆ ತಾಗುವುದರಿಂದ ಕಣ್ಣಿಗೆ ಹಾನಿಯಾಗುವ ಸಂಭವವಿದೆ.

ಸಾಕಾಣಿಕೆದಾರರು ಅನುಸರಿಸಬೇಕಾದ ಕ್ರಮಗಳು:

1. 8 ರಿಂದ 10 ಹೇಂಟೆಗಳಿಗೆ ಒಂದು ಹುಂಜ ಸಾಕು. ಹೆಚ್ಚುವರಿ ಹುಂಜಗಳನ್ನು ಬೇರ್ಪಡಿಸುವುದು.
2. ಹುಂಜವನ್ನು ಹೊಡೆಯುವುದು, ಬೆನ್ನಟ್ಟುವುದು ಸಲ್ಲದು. ಇದರಿಂದ ಅದರ ಕೆರಳುವಿಕೆ ಹೆಚ್ಚುತ್ತದೆ.
3. ಎರಗುವ ಹುಂಜವನ್ನು ಪ್ರತ್ಯೇಕ ಗೂಡಿನಲ್ಲಿರಿಸಿ, ಮಕ್ಕಳನ್ನು ದೂರವಿಡುವುದು.
4. ಈ ಗುಣವು ಸಂತತಿಗೂ ಬರಬಹುದಾದ್ದರಿಂದ ಅಂತಹ ಹುಂಜದಿಂದ ಮರಿ ಮಾಡಿಸಬಾರದು.
5. ಸ್ವಭಾವ ಬದಲಾಗದಿದ್ದಲ್ಲಿ ಮಾಂಸಕ್ಕಾಗಿ ವಿಲೇವಾರಿ ಮಾಡಬಹುದು. ಹುಂಜವಿಲ್ಲದೆಯೂ ಹೇಂಟೆಗಳು ಮೊಟ್ಟೆಯಿಡುತ್ತವೆ; ಮರಿ ಮಾಡಿಸಲು ಮಾತ್ರ ಹುಂಜ ಅಗತ್ಯ.
6. ಕೋಳಿ ಅಂಕಕ್ಕೆ ನೀಡಬಾರದು. ಪ್ರಾಣಿಗಳನ್ನು ಕಾದಾಟಕ್ಕೆ ಪ್ರಚೋದಿಸುವುದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ ಅನ್ವಯ ಅಪರಾಧವಾಗಿರುತ್ತದೆ.

ಗಾಯವಾದಲ್ಲಿ ಸಾಬೂನು ಮತ್ತು ನೀರಿನಿಂದ ತೊಳೆದು, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸತಕ್ಕದ್ದು. ಕಣ್ಣಿಗೆ ಪೆಟ್ಟಾದಲ್ಲಿ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ಕೋಳಿಗಳ ಕುರಿತು ಹೆಚ್ಚಿನ ಮಾಹಿತಿಗಾಗಿ ಸಮೀಪದ ಪಶು ಆಸ್ಪತ್ರೆಯನ್ನು ಸಂಪರ್ಕಿಸಬಹುದಾಗಿದೆ.